ಬ್ರೆಡ್ ವ್ಯಾನಿನವನು

ದಿಂಬು ಸರಿಮಾಡುವ ನೆಪದಲ್ಲಿ ಗುಬ್ಬಿ ಅಮ್ಮನ ತಲೆಯ ಪಕ್ಕಕ್ಕೆ ಬಾಗಿ, ಅಂಗೈ ಮರೆಯಲ್ಲಿ ಅಮ್ಮನ ಫೋನಿನಿಂದ ಇನ್ನೊಂದು ಸಲ ಆ ನಂಬರು ಒತ್ತಿದಳು. ಸ್ವಿಚ್ ಆಫ್ ಆಗಿದೆ ಎಂದು ಯಂತ್ರದ ಹೆಂಗಸು ಹೇಳಿದಳು. ಬೆಳಗಿನಿಂದ ಅದೇ ದನಿ, ಅದೇ ರಾಗ. ಸಾವಿನ ಮನೆಯೆಂಬ ಅಳುಕು ಆ ಹೆಂಗಸಿಗೆ ಎಳ್ಳಷ್ಟೂ ಇರಲಿಲ್ಲ.

"ಯಾರಿಗೇ ಅದು?" ಗೋಡೆಗೊರಗಿ ಕೂತಿದ್ದ ಚಿಕ್ಕಮ್ಮ ಕೇಳಿದಳು.

"ಅಮ್ಮನ ಆಫೀಸಿನೋರಿಗೆ."

"ಆಫೀಸಿನೋರು ಆಗ್ಲೇ ಬಂದು ಬಾಗಿಲಲ್ಲಿ ನಿಂತಿದಾರೆ. ಇನ್ಯಾವ ಆಫೀಸು? ನೆಟ್ಟಗೆ ಒಂದು ಕಡೆ ಕೂತ್ಕೋಬಾರ್ದಾ? ಕಾಲಿಗೆ ಚಕ್ರ ಕಟ್ಕೊಂಡಿದೀಯ ಬೆಳಿಗ್ಗೆಯಿಂದ."

ಕೂರಲು ಗುಬ್ಬಿಗೆ ಆಗುತ್ತಿರಲಿಲ್ಲ. ಅಡುಗೆಮನೆಗೆ ಹೋದರೆ ಯಾಕೆ ಬಂದೆನೆಂದು ಮರೆಯುತ್ತಿತ್ತು. ಬಾಲ್ಕನಿಗೆ ಹೋದರೆ ಕೆಳಗೆ ಓಡಾಡುವ ಗಾಡಿಗಳು ಕಾಣುತ್ತಿದ್ದವು, ಕಂಡಕೂಡಲೇ ಬೆರಳು ತಾನಾಗಿ ಫೋನಿನ ಮೇಲೆ ಓಡುತ್ತಿತ್ತು. ನಡುಮನೆಯಲ್ಲಿ ಅಮ್ಮ ಕೆಲಸ ಮಾಡುತ್ತಿದ್ದ ಮೇಜನ್ನು ಗೋಡೆಗೆ ತಳ್ಳಿ ಮಂಚಕ್ಕೆ ಜಾಗ ಮಾಡಿದ್ದರು. ಮೇಜಿನ ಮೊಳೆಗೆ ನೇತುಹಾಕಿದ್ದ ಹೆಡ್‌ಫೋನು ಯಾರಾದರೂ ದಾಟಿದಾಗಲೆಲ್ಲ ಸಣ್ಣಗೆ ತೂಗುತ್ತಿತ್ತು.

ಜನ ಬರುತ್ತಲೇ ಇದ್ದರು. ಗುಬ್ಬಿಯ ಸೋದರಮಾವನಿಗೆ ಅದೇ ದೊಡ್ಡ ಸೋಜಿಗ.

"ನಮ್ಮಕ್ಕ ಈ ಮೇಜು ಬಿಟ್ಟು ಎದ್ದವಳಲ್ಲ. ಇಷ್ಟು ಜನ ಎಲ್ಲಿಂದ ಉದುರಿದ್ರು?" ಎಂದು ಗೊಣಗುತ್ತ, ಬಾಗಿಲಲ್ಲಿ ಹಿಂಜರಿದು ನಿಂತಿದ್ದ ಒಬ್ಬ ದಪ್ಪ ಹೆಂಗಸನ್ನು ಕೇಳಿದ. "ನೀವು ಹೇಗೆ ಪರಿಚಯ ಅಮ್ಮ?"

"ನಾನು ಸೋಪಿಗೆ ಬಂದೋಳು."

"ಸೋಪಿಗೆ?"

"ಸೋಪಿನ ಚರ್ಚೆಗೆ. ನಂದು ಲಾಂಡ್ರಿ ಅಂಗಡಿ. ಆಮೇಲೆ ಮೊಣಕಾಲು ನೋವಿಗೂ ಕರೆದಿದ್ರು."

"ನಾನು ಚಹಾಕ್ಕೆ," ಎಂದರು ಪಕ್ಕದಲ್ಲಿದ್ದ ಒಬ್ಬ ಮುದುಕರು.

"ತರ್ತಾರೆ, ಕೂತ್ಕೊಳ್ಳಿ."

"ಅಯ್ಯೋ ಬೇಡಪ್ಪ. ಚಹಾದ ಚರ್ಚೆಗೆ ಹೋಗಿದ್ದೆ ಅಂದೆ."

ಮಾವ ಗುಬ್ಬಿಯ ಮುಖ ನೋಡಿದ. ಅಕ್ಕ ಅದೇನೋ ಫೋನಿನ ಕೆಲಸ ಮಾಡುತ್ತಾಳೆ ಎಂಬಷ್ಟೇ ಅವನಿಗೆ ಗೊತ್ತಿದ್ದುದು. ಕಂಪನಿಗಳವರಿಗೆ ಜನರ ಮನಸ್ಸು ತಿಳಿಯಬೇಕಾದಾಗ ಎಂಟು ಜನರನ್ನು ಒಂದು ಮೇಜಿನ ಸುತ್ತ ಕೂರಿಸಿ ಮಾತಾಡಿಸುತ್ತಾರೆ, ಒಂದೇ ಕಡೆಯಿಂದ ಕಾಣುವ ಕನ್ನಡಿಯ ಆಚೆ ಕೂತು ಕೇಳುತ್ತಾರೆ. ಆ ಎಂಟು ಜನರನ್ನು ಇಡೀ ಊರಿನೊಳಗಿಂದ ಫೋನಿನಲ್ಲೇ ಹೆಕ್ಕಿ ತರುವುದು ಅಮ್ಮನ ಕೆಲಸ. ಬಿಳಿಕೂದಲಿಗೆ ಬಣ್ಣ ಹಚ್ಚುವ ಗಂಡಸರು ಬೇಕೆಂದರೆ ಅವರು, ಅವಳಿಮಕ್ಕಳ ತಾಯಂದಿರು ಬೇಕೆಂದರೆ ಅವರು. ಹೆಸರು ಬರೆದಿಟ್ಟುಕೊಳ್ಳಬಾರದೆಂದು ಕಂಪನಿಯ ಕಟ್ಟಳೆ. ಹಾಗಾಗಿ ಅಮ್ಮನ ಫೋನಿನಲ್ಲಿ ಮನುಷ್ಯರ ಹೆಸರೇ ಇರಲಿಲ್ಲ. 'ಲಾಂಡ್ರಿ', 'ಚಹಾ ತಾತ', 'ಹಲ್ಲು ಡಾಕ್ಟರ ಹೆಂಡತಿ' ಎಂದಿರುತ್ತಿತ್ತು.

"ನಾನು ಸೋಪಿನ ವಿಷಯ ಎರಡು ಮಾತು ಹೇಳಿದ್ನೋ ಇಲ್ವೋ," ಲಾಂಡ್ರಿಯವಳು ಮೂಗೊರೆಸಿಕೊಂಡಳು, "ಅತ್ತೆ ವಿಷಯ ಒಂದು ಗಂಟೆ ಹೇಳಿದೆ. ನಿಮ್ಮಕ್ಕ ಹೂಂ, ಹೂಂ ಅಂತಿದ್ರು. ಆಮೇಲೆ ಸೋಪು ಇರಲಿ, ಇಲ್ಲದಿರಲಿ, ನಾನೇ ಫೋನ್ ಮಾಡೋಕೆ ಶುರು ಮಾಡ್ದೆ."

* * *

ಹೂಂಗುಟ್ಟುವುದನ್ನು ಅಮ್ಮ ಕಲಿತದ್ದು ತನ್ನ ಅಜ್ಜಿಯ ಹತ್ತಿರ. ಆ ಅಜ್ಜಿ ದೀಪವಾರಿಸಿ ಕತೆ ಶುರುಮಾಡುತ್ತಿದ್ದಳಂತೆ. ಮಕ್ಕಳಲ್ಲಿ ಒಬ್ಬರಾದರೂ ಹೂಂ ಎನ್ನುತ್ತಿರಬೇಕು; ಹೂಂ ನಿಂತರೆ ರಾಜಕುಮಾರ ಕಾಡಿನ ನಡುವೆಯೇ ನಿಂತುಬಿಡುತ್ತಿದ್ದ, ಅವನ ಕುದುರೆ ಎತ್ತಿದ ಕಾಲನ್ನು ಇಳಿಸುತ್ತಿರಲಿಲ್ಲ. ಉಳಿದವರೆಲ್ಲ ನಿದ್ದೆಹೋದ ಮೇಲೂ ಅಮ್ಮ ಒಬ್ಬಳೇ ಹೂಂಗುಟ್ಟಿ, ಏಳು ಕಡಲಿನಾಚೆಯ ಗಿಳಿಯವರೆಗೂ ಅವನನ್ನು ಮುಟ್ಟಿಸುತ್ತಿದ್ದಳು.

"ಹೂಂ ಅನ್ನೋರು ಒಬ್ರು ಸಿಕ್ಕಿದ್ರೆ ಜನ ಯಮನನ್ನೂ ಕಾಯಿಸಿ ಕತೆ ಹೇಳ್ತಾರೆ ಕಣೇ," ಎನ್ನುತ್ತಿದ್ದಳು ಗುಬ್ಬಿಗೆ.

ಆದರೆ ಈ ಸಲದ ಕೆಲಸದಲ್ಲಿ ಹೂಂ ಕೈಕೊಟ್ಟಿತ್ತು. ಗಾಡಿ ಓಡಿಸುವಾಗ ಗಮನ ಬೇರೆ ಕಡೆ ಹೋಗಿ ಆಗುವ ಅಪಘಾತಗಳ ಬಗ್ಗೆ ಸಂಶೋಧನೆ. ಸ್ಟೀರಿಂಗ್ ಹಿಡಿದುಕೊಂಡೇ ಫೋನು ಬಳಸುವ ಎಂಟು ಜನ ಬೇಕು. ಅಮ್ಮ ಒಂದು ವಾರ ಫೋನು ತಿರುವಿದಳು. ಒಬ್ಬರೂ ಒಪ್ಪಲಿಲ್ಲ. ಛೆ ಛೆ, ನಾನಾ? ಜೇಬಿಂದ ತೆಗೆಯೋದೇ ಇಲ್ಲ. ನಮ್ಮ ಭಾವ ಮಾಡ್ತಾನೆ ನೋಡಿ, ಅವನಿಗೆ ಬೈದು ಬೈದು ಸಾಕಾಯ್ತು.

"ಊರಿಗೆ ಊರೇ ಹರಿಶ್ಚಂದ್ರನ ಸಂತಾನ," ಅಮ್ಮ ಹೆಡ್‌ಫೋನು ಕಿತ್ತಿಟ್ಟಳು. "ಎಲ್ಲರ ಭಾವನೂ ಕೆಟ್ಟೋನು. ಆ ಭಾವನ ನಂಬರ್ ಮಾತ್ರ ಯಾರೂ ಕೊಡಲ್ಲ."

ಕನ್ನಡಕದಂಗಡಿಯ ಕೆಲಸ ಮುಗಿಸಿ ಬಂದಿದ್ದ ಗುಬ್ಬಿ ಚಪ್ಪಲಿ ಬಿಡುತ್ತ ನಕ್ಕಳು. "ಅಷ್ಟಕ್ಕೆ ಯಾಕಮ್ಮ ತಲೆ ಕೆಡಿಸ್ಕೋತೀಯ? ಆಫೀಸು ಬಿಡೋ ಹೊತ್ತಿಗೆ ಫೋನ್ ಮಾಡು. ಹಿಂದೆ ಹಾರ್ನ್ ಕೇಳ್ತಿದ್ರೆ, ಎತ್ತಿದೋರೆಲ್ಲ ಪಾಸು."

ತಮಾಷೆಗೆ ಹೇಳಿದ್ದು. ಅಮ್ಮ ನಗಲಿಲ್ಲ, ಮಗಳನ್ನೇ ಒಂದು ಗಳಿಗೆ ನೋಡಿದಳು. ಮರುದಿನದಿಂದ ಸಂಜೆಯ ಗದ್ದಲದ ಹೊತ್ತಿಗೆ ಫೋನು ಶುರುವಾಯಿತು. ಜನ ಮೀನಿನ ಹಾಗೆ ಬಲೆಗೆ ಬಿದ್ದರು. ಮೂರು ಸಂಜೆಯೊಳಗೆ ಏಳು ಕುರ್ಚಿ ತುಂಬಿತು.

ಎಂಟನೆಯವನು ಬೇಕರಿಗಳಿಗೆ ಬ್ರೆಡ್ಡು ಹಾಕುವ ವ್ಯಾನಿನವನು. ಹಾಡಿನಂಥ ಮಾತು. ಕೇಳಲೆಂದು ಗುಬ್ಬಿ ಸ್ಪೀಕರಿಗೆ ಹಾಕಿಸಿದ್ದಳು.

"ಗಾಡಿ ಓಡಿಸುವಾಗ ಫೋನಲ್ಲಿ ಮಾತಾಡ್ತೀರಾ?" ಅಮ್ಮ ಪ್ರಶ್ನೆಪಟ್ಟಿ ನೋಡಿ ಓದಿದಳು.

"ಎಲ್ಲಾದ್ರೂ ಉಂಟಾ ತಾಯಿ. ಪ್ರಾಣ ಮುಖ್ಯ ಅಲ್ವಾ?" ಎಂದು ಅವನು ಅನ್ನುತ್ತಿರುವಾಗಲೇ ಹಿಂದಿನಿಂದ ಬಸ್ಸಿನ ಹಾರ್ನು ಮೊಳಗಿತು. ತಾಯಿ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಹೂಂ," ಎಂದಳು ಅಮ್ಮ.

"ನಮ್ಮ ಲೈನಲ್ಲಿ ಒಬ್ಬ ಇದ್ದ ನೋಡಿ, ಅವನು..."

ಟೈರು ಕಿರುಚಿತು. ತಗಡಿನ ಟ್ರೇಗಳು ಒಂದರ ಮೇಲೊಂದು ಕುಸಿದುಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

"ಹೂಂ," ಎಂದಳು ಅಮ್ಮ ಮತ್ತೆ. "ಹೂಂ? ಹೇಳಿ. ಹೂಂ?"

* * *

"ಇವತ್ತು ಸಂಜೆನೇ ಆ ಗಾಡಿ ಓಡಿಸೋರ ಚರ್ಚೆ ಇದೆ," ಅಮ್ಮನ ಆಫೀಸಿನ ಮ್ಯಾನೇಜರ್ ಬಾಲ್ಕನಿಯಲ್ಲಿ ದನಿ ತಗ್ಗಿಸಿ ಹೇಳಿದ. ಕಪ್ಪು ಶರಟು ಹೊಸದು, ಕಾಲರಿನಲ್ಲಿ ಇನ್ನೂ ಗುಂಡುಪಿನ್ನು ಇತ್ತು. "ಮುಂದಕ್ಕೆ ಹಾಕೋಕಾಗಲ್ಲ. ನನಗೂ ಬೇಜಾರೇ. ಮೇಡಂ ಇದ್ದಿದ್ರೆ ಅವರೇ ಮಾಡು ಅಂತಿದ್ರು."

"ಬ್ರೆಡ್ ವ್ಯಾನಿನವನ ವಿಳಾಸ ಕೊಡಿ," ಎಂದಳು ಗುಬ್ಬಿ.

"ನಿಮ್ಮ ಪಿನ್ನು..." ಎಂದೂ ಸೇರಿಸಿದಳು.

ಅವನು ಕಾಲರು ತಡಕಿಕೊಂಡ. "ನಂಬರ್ ಬಿಟ್ರೆ ನಮ್ಮ ಹತ್ರನೂ ಏನೂ ಇಲ್ಲ. ಮೇಡಂನೂ ದಿನಾ ಇದನ್ನೇ ಕೇಳ್ತಿದ್ರು. ದಿನಕ್ಕೆ ಹತ್ತು ಜನ ನಮ್ಮ ಫೋನ್ ಕಟ್ ಮಾಡ್ತಾರೆ. ಅವರೆಲ್ಲ ಸತ್ತೇಹೋದ್ರು ಅನ್ಕೊಂಡ್ರೆ ನಾವು ಬದುಕೋದು ಹೇಗೆ?"

"ಅವನು ಕಟ್ ಮಾಡ್ಲಿಲ್ಲ. ಕಟ್ ಆಯ್ತು."

"ನೀವು ಸುಮ್ಮನೆ ಮನಸ್ಸಿಗೆ ಹಚ್ಕೋತಿದೀರ."

ಆ ಸಂಜೆಯಿಂದ ಅಮ್ಮ ಊಟದ ತಟ್ಟೆಯ ಮುಂದೆ ಕೂತು ಫೋನು ಒತ್ತುತ್ತಿದ್ದಳು. ಆಸ್ಪತ್ರೆಗಳಿಗೆ ಕೇಳಿದಳು, ಠಾಣೆಗೆ ಕೇಳಿದಳು. ಹೆಸರೇ ಗೊತ್ತಿಲ್ಲದವನನ್ನು ಏನೆಂದು ಹುಡುಕುವುದು? ಪೇಪರಿನಲ್ಲಿ ವ್ಯಾನಿನ ಚಿತ್ರ ಬಂದರೆ ಹತ್ತಿರ ಹಿಡಿದು ನೋಡುತ್ತಿದ್ದಳು. ಅವಳ ಹೃದಯ ದುರ್ಬಲವೆಂದು ವರ್ಷದ ಹಿಂದೆಯೇ ಡಾಕ್ಟರು ಹೇಳಿದ್ದರು. ನಿನ್ನೆಯೂ ಅದನ್ನೇ ಹೇಳಿ ಸಾವಿನ ಕಾಗದಕ್ಕೆ ರುಜು ಹಾಕಿದರು. ಆದರೂ ಅಮ್ಮ ಅಷ್ಟು ದಿನದಲ್ಲಿ ಒಮ್ಮೆಯಾದರೂ, ನೀನಲ್ಲವೇ ಹೇಳಿಕೊಟ್ಟವಳು ಎಂದು ಅಂದಿದ್ದರೆ, ಗುಬ್ಬಿ ಜಗಳವಾಡುತ್ತಿದ್ದಳು, ಅತ್ತುಬಿಡುತ್ತಿದ್ದಳು. ಅಮ್ಮ ಅನ್ನಲಿಲ್ಲ. ಕೊನೆಯ ರಾತ್ರಿ ಮಲಗುವ ಮುಂಚೆ, "ನಾಳೆ ರಜಾ ಹಾಕ್ತೀಯಾ? ಇಬ್ರೂ ಬೇಕರಿ ಬೇಕರಿಗೆ ಹೋಗಿ ಕೇಳೋಣ," ಎಂದಳು. ಗುಬ್ಬಿ, ನೋಡೋಣ ಬಿಡಮ್ಮ ಎಂದಿದ್ದಳು.

ಅವನು ಇದ್ದಾನೋ ಇಲ್ಲವೋ. ಅದೊಂದು ತಿಳಿದರೆ ಸಾಕಿತ್ತು, ಅದೂ ಅಮ್ಮನನ್ನು ಮಣ್ಣಿಗಿಡುವ ಮುಂಚೆ. ಆಮೇಲೆ ತಿಳಿದರೆ ಯಾರಿಗೆ ಹೇಳುವುದು?

ಕೆಳಗೆ ಶವದ ವ್ಯಾನು ಬಂದು ನಿಂತಿತು. ಗುಬ್ಬಿ ಮತ್ತೆ ಫೋನು ಕಿವಿಗಿಟ್ಟುಕೊಂಡಳು.

"ಕೊಡಿಲ್ಲಿ ಅದನ್ನ," ಚಿಕ್ಕಮ್ಮ ಹಿಂದಿನಿಂದ ಬಂದು ಕಿತ್ತುಕೊಂಡು ತನ್ನ ಕೈಚೀಲಕ್ಕೆ ಹಾಕಿಕೊಂಡಳು. "ಹೋದೋಳದ್ದೂ ಇದೇ ಹುಚ್ಚು, ಇರೋಳದ್ದೂ ಇದೇ ಹುಚ್ಚು. ನಡಿ, ಅಮ್ಮನ್ನ ಇಳಿಸ್ತಿದಾರೆ."

* * *

ಮುಂದೆ ವ್ಯಾನು. ಹಿಂದೆ ಚಿಕ್ಕಮ್ಮನ ಹಳೆಯ ಕಾರಿನಲ್ಲಿ ಗುಬ್ಬಿ. ಅವಳ ಹಿಂದೆ ಮಾವ, ಅವನ ಹಿಂದೆ ಸೋಪಿನವರು, ಚಹಾದವರು, ಮೊಣಕಾಲಿನವರು. ನಾನೇ ಓಡಿಸ್ತೀನಿ ಎಂದು ಮಾವ ಹೇಳಿದ್ದ. ಸುಮ್ಮನೆ ಕೂತು ಹೋಗುವುದು ಗುಬ್ಬಿಗೆ ಬೇಡವಾಗಿತ್ತು. ಗೇರು, ಕ್ಲಚ್ಚು, ಏನಾದರೊಂದು ಕೈಕಾಲಿಗೆ ಬೇಕಿತ್ತು.

ಊರಾಚೆಯ ಏರು ರಸ್ತೆಗೆ ತಿರುಗುವ ಹೊತ್ತಿಗೆ ಚಿಕ್ಕಮ್ಮನ ಕೈಚೀಲದೊಳಗೆ ಫೋನು ಒದರತೊಡಗಿತು. ಚಿಕ್ಕಮ್ಮ ತೆಗೆದು, ಕೈಯುದ್ದಕ್ಕೂ ದೂರ ಹಿಡಿದು ಓದಿದಳು.

"ಬ್ರೆಡ್... ಬ್ರೆಡ್ ವ್ಯಾನ್ ಅಂತೆ. ಇವತ್ತು ಬ್ರೆಡ್ ಯಾರಿಗೆ ಬೇಕು? ಕಟ್ ಮಾಡ್ತೀನಿ ತಡಿ."

ಗುಬ್ಬಿಯ ಎಡಗೈ ಸ್ಟೀರಿಂಗ್ ಬಿಟ್ಟು ಹಾರಿತು. ಕಣ್ಣೂ ಕೈಯ ಜೊತೆಗೇ ಹೋಯಿತು. ಮತ್ತೆ ರಸ್ತೆ ನೋಡಿದಾಗ ವ್ಯಾನಿನ ಹಿಂಬಾಗಿಲು ಗಾಜಿನ ತುಂಬ ಬೆಳೆದು ನಿಂತಿತ್ತು. ಇದ್ದಬದ್ದ ಬಲವೆಲ್ಲ ಬ್ರೇಕಿನ ಮೇಲೆ ಬಿತ್ತು. ಮಾವ ಹಿಂದಿನಿಂದ ಹಾರ್ನು ಬಾರಿಸಿದ. ಚಿಕ್ಕಮ್ಮನ ಹಣೆ ಮುಂದಕ್ಕೆ ಬಂದು, ಬೆಲ್ಟಿಗೆ ಸಿಕ್ಕಿ ಹಿಂದಕ್ಕೆ ಹೋಯಿತು. ವ್ಯಾನು ಏನೂ ತಿಳಿಯದೆ ಮತ್ತೆ ದೂರವಾಯಿತು.

ಫೋನು ಇನ್ನೂ ಒದರುತ್ತಿತ್ತು.

"ಎತ್ತು ಚಿಕ್ಕಮ್ಮ," ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡು ಗುಬ್ಬಿ ಹೇಳಿದಳು. "ಎತ್ತಿ ತಡೀರಿ ಅನ್ನು. ಬೇರೆ ಏನೂ ಮಾತಾಡ್ಬೇಡ."

ಚಿಕ್ಕಮ್ಮ ಬೆರಗಾಗಿ ಎತ್ತಿದಳು. "ತಡೀಪ್ಪಾ." ಆಮೇಲೆ ಗುಬ್ಬಿಯ ಕಡೆ ತಿರುಗಿ, "ತಡೀತಾನಂತೆ," ಎಂದಳು.

ಗುಬ್ಬಿ ದೀಪ ಹಾಕಿ, ಕನ್ನಡಿ ನೋಡಿ, ಕಾರನ್ನು ರಸ್ತೆಯ ಮಗ್ಗುಲಿನ ಮಣ್ಣಿಗೆ ಇಳಿಸಿ ನಿಲ್ಲಿಸಿದಳು. ಹಿಂದೆ ಮಾವ ನಿಲ್ಲಿಸಿದ. ಅವನ ಹಿಂದೆ ಒಂದೊಂದಾಗಿ ಎಲ್ಲರೂ. ಬಾಗಿಲುಗಳು ತೆರೆದವು. ಪೆಟ್ರೋಲು ಮುಗೀತೇನೋ ಎಂದು ಯಾರೋ ಕೇಳುತ್ತಿದ್ದರು. ಅವಳು ಫೋನು ತೆಗೆದುಕೊಂಡಳು.

"ಯಾರಮ್ಮ ತಾಯಿ ನೀವು?" ಅದೇ ದನಿ, ಅದೇ ಹಾಡು. "ನಾಯಿ ಅಡ್ಡ ಬಂತು ಅಂತ ಬ್ರೇಕ್ ಹಾಕಿದ್ದಕ್ಕೆ ನನ್ನ ಫೋನು ಟ್ರೇ ಕೆಳಗೆ ಬಿದ್ದು ಅಪ್ಪಚ್ಚಿ. ನಾಯಿ ಚೆನ್ನಾಗೇ ಇದೆ. ಇವತ್ತು ಹೊಸ ಫೋನ್ ಹಾಕಿದ್ರೆ ಬರೀ ನಿಮ್ಮದೇ ಮಿಸ್ಡ್ ಕಾಲು. ಸಾಲ ಏನಾದ್ರೂ ಇಟ್ಕೊಂಡಿದೀನಾ ಅಂತ ಹೆದರ್ಕೊಂಡೆ."

ಅವನ ಮಾತಿನ ಅಡಿಯಲ್ಲಿ ಇಂಜಿನ್ನು ಗುರುಗುಟ್ಟುತ್ತಿತ್ತು. ಯಾವುದೋ ಲಾರಿ ಭರ್ರೆಂದು ಅವನನ್ನು ದಾಟಿಹೋಯಿತು.

"ಅಣ್ಣಾ, ಪಕ್ಕಕ್ಕೆ ಹಾಕಿ," ಎಂದಳು ಗುಬ್ಬಿ.

"ಏನು?"

"ಗಾಡಿ ಪಕ್ಕಕ್ಕೆ ಹಾಕಿ. ಆಮೇಲೆ ಹೇಳ್ತೀನಿ."

"ಬೇಕರಿ ಬಾಗಿಲು ಹಾಕ್ತಾರಮ್ಮ, ಅಲ್ಲೇ ಹೇಳಿ, ಕೇಳಿಸ್ತಿದೆ."

"ದಮ್ಮಯ್ಯ ಅಣ್ಣಾ. ಪಕ್ಕಕ್ಕೆ ಹಾಕಿ."

ಟಿಕ್ ಟಿಕ್ ಎಂದು ತಿರುವಿನ ದೀಪದ ಸದ್ದು ಕೇಳಿತು. ಟೈರಿನಡಿ ಜಲ್ಲಿ ಕಲ್ಲು ನುರಿಯಿತು. ಟ್ರೇಗಳು ಒಮ್ಮೆ ಮುಂದಕ್ಕೆ ಜಾರಿ, ಹಿಂದಕ್ಕೆ ಬಂದು ಕೂತವು. ಹ್ಯಾಂಡ್‌ಬ್ರೇಕು ಎಳೆದದ್ದು, ಇಂಜಿನ್ನು ಒಮ್ಮೆ ಕೆಮ್ಮಿ ನಿಂತದ್ದು, ಅದರ ಹಿಂದಿನ ನಿಶ್ಶಬ್ದ, ಎಲ್ಲವೂ ಗುಬ್ಬಿಯ ಕಿವಿಯೊಳಗೆ ಒಂದೊಂದಾಗಿ ಇಳಿದವು.

"ನಿಲ್ಸಿದೀನಿ. ಹೇಳಿ ಈಗ."

ಅವಳು ತಲೆಯೆತ್ತಿ ಮುಂದಿನ ರಸ್ತೆ ನೋಡಿದಳು.

ಮೇಲೆ ತಿರುವಿನಲ್ಲಿ, ಹಿಂದೆ ಯಾರೂ ಬರುತ್ತಿಲ್ಲವೆಂದು ಚಾಲಕನಿಗೆ ಈಗ ಕಂಡಿರಬೇಕು, ಅಮ್ಮನಿದ್ದ ವ್ಯಾನು ನಿಂತಿತು. ಬಿಳಿ ದೀಪ ಹೊತ್ತಿತು. ಬೀಪ್ ಬೀಪ್ ಎನ್ನುತ್ತ ಇಳಿಜಾರಿನಲ್ಲಿ ಹಿಂದೆ ಹಿಂದೆ ಬರತೊಡಗಿತು. ಮಾವ ರಸ್ತೆಯ ನಡುವೆ ಓಡಿಹೋಗಿ ಎರಡೂ ಕೈ ಆಡಿಸುತ್ತ, "ಬರ್ಲಿ... ಬರ್ಲಿ... ಇನ್ನೂ ಬರ್ಲಿ," ಎಂದು ಕೂಗಿ ಕರೆಯುತ್ತಿದ್ದ.

ಗುಬ್ಬಿ ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಫೋನನ್ನು ಸ್ಪೀಕರಿಗೆ ಹಾಕಿ, ಹೊರಗೆ ಅಮ್ಮನ ಕಡೆಗೆ ಕೈಚಾಚಿ ಹಿಡಿದಳು.

"ಹಲೋ," ಎಂದ ಬ್ರೆಡ್ ವ್ಯಾನಿನವನು ಬಯಲಿಗೆಲ್ಲ ಕೇಳುವ ಹಾಗೆ. "ಹಲೋ, ಇದೀನಮ್ಮ. ಇಲ್ಲೇ ಇದೀನಿ."