ಫೋನು ಬಂದರೆ ಆರುವ ದೀಪ

ಮೋಡೆಮ್ಮಿನ ಮೂರನೆಯ ದೀಪ ಇನ್ನೂ ಮಿನುಗುತ್ತಿದೆ, ಮೊದಲನೆಯದು ಕರೆಂಟಿನದು, ಎರಡನೆಯದು ಯಾವುದಕ್ಕೋ ದೇವರಿಗೇ ಗೊತ್ತು, ಮೂರನೆಯದು ಹಸಿರಾಗಿ ನಿಂತರೆ ಮಾತ್ರ ನೆಟ್ಟು — ನಿಂತಿತು, ಇಲ್ಲ, ಹೌದು, ನಿಂತಿತು, ಗಂಟೆ ಹತ್ತೂಕಾಲು, ಹತ್ತೂವರೆಗೆ ಇಂಟರ್‌ವ್ಯೂ, ಲ್ಯಾಪ್‌ಟಾಪಿನ ಎದುರು ಒಂದು ಪಾಠ ಮಾಡಿ ತೋರಿಸಬೇಕು, ಭಿನ್ನರಾಶಿ, ಮೆಚ್ಚಿದರೆ ಕಾಯಂ ಕೆಲಸ, ಆದರೆ ಹತ್ತೂವರೆಗೇ ಅಕ್ಕನ ಫೋನೂ ಬರುತ್ತದಂತೆ, ಹೇಳಿದ್ದು ಲೈನ್‌ಮ್ಯಾನ್ ಲೀಲಾಧರ, ಈಗಷ್ಟೇ, ಇಲ್ಲೇ ಮೇಜಿನಡಿ ಕುಕ್ಕರುಗಾಲಲ್ಲಿ ಕೂತು, ನಿಮ್ಮ ಫಿಲ್ಟರು ಎಲ್ಲಿ ಹರಿಣಕ್ಕ, ಎಂತ ಫಿಲ್ಟರು, ಅದೇ ಮಾರಾಯ್ರೆ, ಬೆಂಕಿಪೊಟ್ಟಣದಷ್ಟು ಬಿಳಿ ಡಬ್ಬಿ, ಒಂದೇ ವಯರಿನಲ್ಲಿ ಫೋನೂ ನೆಟ್ಟೂ ಬರುವುದಲ್ವಾ, ಅದಿಲ್ಲದಿದ್ದರೆ ಫೋನು ಬಡಿದ ಕೂಡಲೇ ನೆಟ್ಟು ಹೋಗ್ತದೆ, ಹೊಸತು ನಾಳೆ ತರ್ತೇನೆ, ಇವತ್ತು ಫೋನಿನ ವಯರು ಎಳೆದಿಡಿ — ಬಿಳಿ ಡಬ್ಬಿ, ಪೈಂಟ್ ಹೊಡೆಸಿದಾಗ ನಾನೇ ಗುಡಿಸಿ ಬಿಸಾಡಿದೆನೇನೋ, ಇಲ್ಲ, ಅದಕ್ಕೂ ಮೊದಲೇ — ಬೈಕು ಹತ್ತುತ್ತ ಅಂದ, ಕಾಪು ಮಾರ್ಕೆಟ್ಟಿನಲ್ಲಿ ನಿಮ್ಮ ಅಕ್ಕ ಸಿಕ್ಕಿದ್ರು, ವಾರಿಜಕ್ಕ, ನಿನ್ನೆ ನಿಮಗೆ ಫೋನು ಮಾಡಿದ್ರೆ ಕಟ್ಟಾಯಿತಂತೆ, ಇವತ್ತು ಹತ್ತೂವರೆಗೆ ಒಂದು ಸಲ ಮಾಡ್ತಾರಂತೆ, ಇನ್ನು ಮಾಡ್ಲಿಕ್ಕಿಲ್ಲ ಅಂದ್ರು.

ಕಟ್ಟಾದದ್ದಲ್ಲ, ಕಟ್ ಮಾಡಿದ್ದು ನಾನು, ಟ್ಯೂಶನ್ ನಡೆಯುತ್ತಿತ್ತು, ಫೋನು ಬಡಿಯಿತು, ದೀಪ ಆರಿತು, ಪರದೆಯಲ್ಲಿ ಮಕ್ಕಳ ಮುಖ ಹಾಗೇ ನಿಂತುಬಿಟ್ಟವು, ಸಿಟ್ಟು ನೆತ್ತಿಗೇರಿ ರಿಸೀವರ್ ಎತ್ತಿ, ಕ್ಲಾಸು ಉಂಟು, ಆಮೇಲೆ ಮಾಡಿ, ಅಂದು ಇಟ್ಟುಬಿಟ್ಟೆ, ಇಟ್ಟ ಮೇಲೆ ಹೊಳೆಯಿತು, ಆ ಕಡೆ ಮೀನು ಮಾರ್ಕೆಟ್ಟಿನ ಐಸು ಜಜ್ಜುವ ಸದ್ದಿತ್ತಲ್ಲ, ಅಕ್ಕನೇ, ಅಕ್ಕನಿಗೆ ಮೊಬೈಲಿಲ್ಲ, ಬಾಯಿಪಾಠ ಇರುವುದು ಅಮ್ಮನ ಕಾಲದ ಈ ಒಂದೇ ನಂಬರು, ಯಾರ ಫೋನು ಬೇಡಿ ಮಾಡಿದಳೋ, ಏಳು ತಿಂಗಳ ಮೇಲೆ — ನಮ್ಮ ಮಾತು ನಿಂತ ಆವತ್ತೂ ಈ ದೀಪ ಹಸಿರಾಗಿತ್ತು, ಟ್ಯೂಶನ್ ನಡೆಯುತ್ತಿತ್ತು, ಬೆನ್ನ ಹಿಂದಿನ ಬಾಗಿಲಲ್ಲಿ ಅಕ್ಕ, ತಲೆಯ ಮೇಲೆ ಬುಟ್ಟಿ, ಮಣಿಪಾಲದ ಹುಡುಗಿ ಶರ್ವಾಣಿ ಪರದೆಯಿಂದ ಕೇಳಿದಳು, ಅದು ಯಾರು ಟೀಚರ್, ನನ್ನ ಈ ಬಾಯಿ ಅಂದಿತು, ಯಾರೂ ಅಲ್ಲ ಮಗಾ, ಮೀನಿನವರು — ಆ ಮೀನು ಮಾರಿಯೇ ನನಗೆ ಬಿ.ಎಡ್. ಓದಿಸಿದವಳು — ಅಕ್ಕ ನನಗೆಂದು ತಂದ ಐದು ಬಂಗುಡೆ ಮೆಟ್ಟಿಲ ಮೇಲಿಟ್ಟು ಹೋದಳು, ಎರಡು ಸಲ ಮಾರ್ಕೆಟ್ಟಿಗೆ ಹೋದೆ, ನನ್ನನ್ನು ಕಂಡವಳೇ ಬುಟ್ಟಿ ಎತ್ತಿಕೊಂಡು ಎದ್ದಳು, ನಾಚಿಕೆಯಿಂದ ಸತ್ತುಹೋದೆ ನಾನು.

ಈಗ ಫೋನಿನ ವಯರು ನನ್ನ ಕೈಯಲ್ಲಿದೆ, ಸಿಕ್ಕಿಸಲೇ, ಬೇಡವೇ, ಕೆಲಸ ಇನ್ನೊಂದು ಸಿಕ್ಕೀತು, ಎಲ್ಲಿ ಸಿಗುತ್ತದೆ ನಲವತ್ತನಾಲ್ಕಕ್ಕೆ, ಅಕ್ಕ ನಾಳೆಯೂ ಮಾಡಿಯಾಳು, ಇಲ್ಲ, ಅವಳು ಅಂದರೆ ಅಂದದ್ದೇ — ಗುಡ್ ಮಾರ್ನಿಂಗ್ ಹರಿಣಾಕ್ಷಿ ಮೇಡಂ, ಶುರು ಮಾಡಿ, ಪರದೆಯಲ್ಲಿ ಮೂವರು, ನನ್ನ ಎಡಗೈ ಮೇಜಿನಡಿ ಗೋಡೆ ತಡವುತ್ತಿದೆ, ತೂತು ಸಿಕ್ಕಿತು, ವಯರು ಒತ್ತಿದೆ, ಕೂತಿತೇ, ಬಗ್ಗಿ ನೋಡುವಂತಿಲ್ಲ, ಕ್ಯಾಮೆರಾ ನೋಡುತ್ತಿದೆ, ಮಕ್ಕಳೇ, ಒಂದು ನೀರುದೋಸೆ ಎನ್ನಬೇಕಿತ್ತು, ಒಂದು ಬಂಗುಡೆ ಎಂದೆ, ಇಬ್ಬರು ಅಕ್ಕತಂಗಿಯರಿಗೆ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು, ಹತ್ತೂ ಮೂವತ್ತೆರಡು, ದೀಪ ಹಸಿರು, ಅಕ್ಕ ತಿನ್ನುತ್ತಿದ್ದದ್ದು ಯಾವಾಗಲೂ ತಲೆಯ ಭಾಗ, ನನಗೆ ಮಾಂಸವಿದ್ದ ಕಡೆ, ಅದು ಅರ್ಧವೇ, ಅದಕ್ಕೆ ಅರ್ಧ ಎನ್ನುತ್ತಾರೆಯೇ, ಹತ್ತೂ ಮೂವತ್ತೇಳು, ವಯರು ಸರಿಯಾಗಿ ಕೂತಿಲ್ಲವೇ, ಅಕ್ಕ ಮಾಡಲಿಲ್ಲವೇ, ಮಾಡಿ ಅಲ್ಲಿ ಬರೀ ರಿಂಗು ಕೇಳುತ್ತ ನಿಂತಿದ್ದಾಳೆಯೇ, ತುಂಬ ಚೆನ್ನಾಗಿ ಕೇಳಿಸ್ತಿದೆ ಮೇಡಂ, ಎಲ್ಲೂ ಕಟ್ ಆಗ್ತಿಲ್ಲ, ಮುಂದುವರಿಸಿ — ಹತ್ತೂ ನಲವತ್ತು, ಆರಿಹೋಗು, ಒಮ್ಮೆ ಆರಿಹೋಗು ಮಾರಾಯ, ಹಸಿರು, ಮಿನುಗುವುದೂ ಇಲ್ಲ, ಹಸಿರು, ಹಸಿರಾಗಿಯೇ