ಎಂಬತ್ತರ ಕೆಳಗೆ

"ಇನ್ನಷ್ಟು ಇಳಸ್ರಿ ಚಾಚಾ," ಎಂದಳು ಜನ್ನತಬಿ. ಅವಳ ಅಂಗೈ ಲೇಥಿನ ಮೈಮೇಲಿತ್ತು.

ಮರ್ದಾನಸಾಬ ಕಪ್ಪು ಗುಂಡಿಯನ್ನು ಎರಡು ಗೆರೆ ಎಡಕ್ಕೆ ತಿರುವಿದ. ತಿರುಗುವ ಸರಳಿನ ಮೈ ಕೆತ್ತುತ್ತ ಸಾಗುತ್ತಿದ್ದ ಟೂಲು ನಿಧಾನವಾಯಿತು. ಸುರುಳಿಯಾಗಿ ಏಳುತ್ತಿದ್ದ ಉಕ್ಕಿನ ಸಿಬಿರು ತೆಳ್ಳಗಾಯಿತು. ಅವನು ಮತ್ತೂ ತಿರುವಿ ಸೊನ್ನೆಗೆ ತಂದಾಗ ಟೂಲು ಇದ್ದಲ್ಲೇ ನಿಂತಿತು, ಸರಳು ಮಾತ್ರ ಸುಮ್ಮನೆ ತಿರುಗುತ್ತಿತ್ತು.

"ಹೇಳಿದ ಮಾತು ಕೇಳತೈತಿ," ಎಂದ ಮರ್ದಾನಸಾಬ. "ನಮ್ಮ ಮನಿ ಎಮ್ಮಿಗಿಂತ ಪಾಡ."

ಜನ್ನತಬಿ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಅದು ಸಾವಿರದ ಒಂಬೈನೂರ ಎಂಬತ್ತೇಳರ ಬೇಸಿಗೆ. ಬೆಟಗೇರಿಯಲ್ಲಿ ರೈಲು ಹಳಿಯ ಆಚೆಗಿದ್ದ ಫಕ್ಕೀರಪ್ಪನವರ ಕಾರ್ಖಾನೆಯಲ್ಲಿ ನೀರೆತ್ತುವ ಪಂಪಿನ ಶಾಫ್ಟುಗಳು ತಯಾರಾಗುತ್ತಿದ್ದವು. ಫಕ್ಕೀರಪ್ಪನವರು ಪುಣೆಯಲ್ಲಿ ತನ್ನಷ್ಟಕ್ಕೆ ತಾನೇ ನಡೆಯುವ ಲೇಥೊಂದನ್ನು ನೋಡಿ ಬಂದಿದ್ದರು. ಅಂಥದ್ದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಅಲ್ಲೇ ಸಣ್ಣ ಕೆಲಸದಲ್ಲಿದ್ದ ಜನ್ನತಬಿಯನ್ನು ಹುಡುಕಿಕೊಂಡು ಹೋಗಿ, "ನಮ್ಮ ಹಳೇ ಲೇಥಿಗೇ ಒಂದು ತಲಿ ಕೂಡ್ಸಾಕ ಆಕ್ಕೈತೇನ್ರಿ ಅಕ್ಕಾರ?" ಎಂದು ಕೇಳಿದ್ದರು. ಆಗುತ್ತದೆ ಎಂದಿದ್ದಳು.

ಒಂದೂವರೆ ವರ್ಷದಲ್ಲಿ ಆ ತಲೆ ತಯಾರಾಯಿತು. ಬೂದು ಬಣ್ಣದ ತಗಡಿನ ಪೆಟ್ಟಿಗೆ, ಒಳಗೆ ಬೆರಳುದ್ದದ ಚಿಪ್ಪು, ಅದರಲ್ಲಿ ಅವಳು ಬರೆದ ಪ್ರೋಗ್ರಾಮು. ಟೂಲು ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕೆಂಬುದನ್ನೆಲ್ಲ ಪೆಟ್ಟಿಗೆಯೇ ನೋಡಿಕೊಳ್ಳುತ್ತಿತ್ತು. ಯಂತ್ರವನ್ನು ಪೂರಾ ನಿಲ್ಲಿಸುವ ಕೆಂಪು ಗುಂಡಿ ಬಿಟ್ಟರೆ ಕೆಲಸಗಾರನ ಕೈಗೆ ಉಳಿದದ್ದು ವೇಗದ ಕಪ್ಪು ಗುಂಡಿಯೊಂದೇ. ನೂರಕ್ಕಿಟ್ಟರೆ ನಿಗದಿ ಮಾಡಿದ ವೇಗ. ಎಡಕ್ಕೆ ತಿರುವಿದರೆ ಇಳಿಯುತ್ತ ಸೊನ್ನೆ. ಈ ಗುಂಡಿ ಬೇಕೇ ಬೇಕೆಂದು ಹಟ ಹಿಡಿದವನು ಮರ್ದಾನಸಾಬ.

"ಉಕ್ಕಿನೊಳಗ ಒಮ್ಮೊಮ್ಮೆ ಗಂಟು ಇರತಾವ ಬೇಟಿ. ನಿನ್ನ ಪೆಟಗಿಗೆ ಅದು ಕಾಣೂದಿಲ್ಲ. ನಮಗ ಸಪ್ಪಳದಾಗ ತಿಳೀತೈತಿ. ತಿಳಿದ ಕೂಡ್ಲೆ ಕೈ ಇಳಿಸಬೇಕು."

ಇಪ್ಪತ್ತಾರು ವರ್ಷ ಲೇಥಿನ ಮುಂದೆ ನಿಂತವನು. ಸೊರಟೂರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ. ಮೂರು ತಿಂಗಳು ಅವಳು ಅವನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು, ಯಾವ ಸಪ್ಪಳಕ್ಕೆ ಅವನ ಕೈ ಎಷ್ಟು ಇಳಿಯುತ್ತದೆ ಎಂದು ಬರೆದುಕೊಂಡಿದ್ದಳು. ಕಾರ್ಖಾನೆಯ ಹನ್ನೊಂದು ಗಂಡಸರಲ್ಲಿ ಉಳಿದವರು ಅವಳನ್ನು ಅಕ್ಕಾರ ಎನ್ನುತ್ತಿದ್ದರು, ದಾರಿ ಬಿಡುತ್ತಿದ್ದರು, ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. ಊಟದ ಹೊತ್ತಿಗೆ ಅವಳು ತನ್ನ ಗಾಜಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಒಬ್ಬಳೇ ಉಣ್ಣುತ್ತಿದ್ದಳು. ಲಕ್ಷ್ಮೇಶ್ವರದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ತಂದೆ ಶೇಖಸಾಬ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮೂವತ್ತೊಂದರ ಅವಳ ಮದುವೆಯ ಮಾತು ಎತ್ತುವವರೂ ಈಗ ಇರಲಿಲ್ಲ. ಸಂಜೆ ನೇಕಾರರ ಓಣಿಯಲ್ಲಿ ಹುಚ್ಚವ್ವನ ಮನೆಯ ಬಾಡಿಗೆ ಕೋಣೆಗೆ ಹೋದರೆ ಗೋಡೆಯಾಚೆಯ ಮಗ್ಗದ ಸದ್ದೇ ಜೊತೆ.

ಗುಂಡಿ ಕೂಡಿಸಿದ ಎರಡನೆಯ ವಾರ ಫಕ್ಕೀರಪ್ಪನವರು ಅವಳ ಕೋಣೆಗೆ ಬಂದು ಕುಳಿತರು.

"ಅಕ್ಕಾರ, ದಿನಕ್ಕ ಅರವತ್ತು ಶಾಫ್ಟ ಆಗಬೇಕಾದಲ್ಲೆ ನಲವತ್ತೆಂಟು ಆಗಾಕ ಹತ್ಯಾವ. ಸಪ್ಪಳ ಬದಲಾದ್ರ ಸಾಕು, ಗುಂಡಿ ಇಳಿಸಿ ನಿಂದರತಾರ. ಅದು ಎಂಬತ್ತರ ಕೆಳಗ ಹೋಗದಂಗ ಮಾಡಾಕ ಬರತೈತಿಲ್ಲೋ?"

"ಬರತೈತ್ರಿ. ಆದ್ರ ಉಕ್ಕಿನಾಗ ಗಂಟು ಸಿಕ್ರ..."

"ಸಿಕ್ರ ಕೆಂಪು ಗುಂಡಿ ಐತಲ್ರಿ, ಒತ್ತಲಿ, ಪೂರಾ ನಿಂದರತೈತಿ." ಅವರು ಎದ್ದು ಬಾಗಿಲು ಮುಚ್ಚಿದರು. "ಗುಂಡಿ ಮ್ಯಾಲಿನ ಅಂಕಿ ಹಂಗ ಇರಲಿ. ಯಾರಿಗೂ ಹೇಳೂದು ಬ್ಯಾಡ. ಹೇಳಿದ್ರ ನಾಳೆ ಪೆಟಗಿನ ಬ್ಯಾಡ ಅಂತಾರ."

ಅವರು ಕೆಟ್ಟವರಲ್ಲ. ಅವಳ ಮೇಲೆ ನಂಬಿಕೆಯಿಟ್ಟು ಒಂದೂವರೆ ವರ್ಷ ಕಾದಿದ್ದರು. ಅವಳು ತಲೆಯಾಡಿಸಿದಳು.

ಕೆಲಸ ದೊಡ್ಡದೇನಿರಲಿಲ್ಲ. ಗುಂಡಿಯ ಅಂಕಿ ಎಂಬತ್ತಕ್ಕಿಂತ ಕಡಿಮೆ ಇದ್ದರೆ ಎಂಬತ್ತೆಂದೇ ಓದು ಎಂದು ಎರಡು ಸಾಲು ಸೇರಿಸಬೇಕಿತ್ತು, ಅಷ್ಟೇ. ಹಳೆಯ ಚಿಪ್ಪನ್ನು ನೀಲಿ ದೀಪದ ಪೆಟ್ಟಿಗೆಯಲ್ಲಿಟ್ಟು ಅಳಿಸಿ ಹೊಸದಾಗಿ ಬರೆದಳು. ಊಟದ ಬಿಡುವಿನಲ್ಲಿ ಲೇಥಿಗೆ ಕೂಡಿಸಿದಳು. ಮಧ್ಯಾಹ್ನ ಮರ್ದಾನಸಾಬ ಬಂದು ಯಂತ್ರ ಚಾಲೂ ಮಾಡಿ, "ಊಟ ಆತೇನ ಬೇಟಿ?" ಎಂದು ಕೇಳಿದ. ಆತ್ರಿ ಎಂದಳು. ಅದಾದ ಮೇಲೆ ಎಂಟು ದಿನ ಅವನ ಪಕ್ಕದ ಸ್ಟೂಲಿನ ಮೇಲೆ ಕುಳಿತಾಗಲೆಲ್ಲ ಹೇಳಬೇಕೆಂದುಕೊಂಡಳು. ಎಂಟು ದಿನವೂ ಉಕ್ಕು ಒಳ್ಳೆಯದೇ ಬಂದಿತ್ತು. ಅವನು ಗುಂಡಿ ಮುಟ್ಟುವ ಪ್ರಸಂಗವೇ ಬರಲಿಲ್ಲ.

ಒಂಬತ್ತನೆಯ ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ, ಅವಳು ಕೋಣೆಯಲ್ಲಿ ತಂತಿಗೆ ಬೆಸುಗೆ ಹಾಕುತ್ತಿದ್ದಾಗ ಲೇಥಿನ ಸಪ್ಪಳ ಗಡುಸಾದದ್ದು ಕೇಳಿಸಿತು. ತಲೆ ಎತ್ತಿದಳು. ಗಾಜಿನಾಚೆ ಮರ್ದಾನಸಾಬನ ಕೈ ಗುಂಡಿಯ ಮೇಲಿತ್ತು. ತಿರುವಿದ. ಸಪ್ಪಳ ಇಳಿಯಲಿಲ್ಲ. ಮತ್ತೆ ತಿರುವಿದ. ಆಮೇಲೆ, ಯಾಕೆ ಇಳಿಯುತ್ತಿಲ್ಲ ಎಂದು ನೋಡಲು ಬಾಗಿದ. ಟೂಲಿನ ಮೊನೆ ಮುರಿದು ಸಿಡಿದದ್ದು ಆಗಲೇ.

ಅವಳು ಓಡಿ ಹೋಗಿ ಕೆಂಪು ಗುಂಡಿ ಒತ್ತಿದಳು. ಕಪ್ಪು ಗುಂಡಿಯ ಮುಳ್ಳು ಹತ್ತರ ಮೇಲೆ ನಿಂತಿತ್ತು. ಅದನ್ನು ಅವಳು ಸರಿಯಾಗಿ ನೋಡಿದಳು. ಜನ ಸೇರಿದರು, ಅವನ ಎಡಗಣ್ಣಿಗೆ ಟವೆಲ್ಲು ಒತ್ತಿ ಹಿಡಿದು ಹೊತ್ತುಕೊಂಡು ಹೋದರು. ಸಂಜೆ ಅವಳು ಮತ್ತೆ ಲೇಥಿನ ಹತ್ತಿರ ಬಂದಾಗ ಗುಂಡಿ ನೂರಕ್ಕೆ ಬಂದಿತ್ತು. ಆ ಗದ್ದಲದಲ್ಲಿ ಯಾರ ಕೈ ತಾಗಿತೋ, ಯಾರು ತಿರುವಿದರೋ ಗೊತ್ತಾಗಲಿಲ್ಲ.

ಹುಬ್ಬಳ್ಳಿಯ ದವಾಖಾನೆಗೆ ಕಾರ್ಖಾನೆಯವರೊಂದಿಗೆ ಅವಳೂ ಹೋದಳು. ಎಡಗಣ್ಣು ಉಳಿದಿರಲಿಲ್ಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಮರ್ದಾನಸಾಬ ಎಲ್ಲರನ್ನೂ ದನಿಯಿಂದ ಗುರುತಿಸಿ ಮಾತಾಡಿಸಿದ.

"ಕಣ್ಣಿಂದು ಇರಲಿ ಬಿಡ್ರಿ," ಎಂದ. "ಕೈ ಮೋಸ ಮಾಡಿತು. ನಾ ಗುಂಡಿ ತಿರುವೀನಿ ಅನ್ನೂದು ನನಗ ಪಕ್ಕಾ ನೆನಪೈತಿ. ಗುಂಡಿ ನೋಡಿದ್ರ ನೂರಕ್ಕ ಇತ್ತಂತ. ತಿರುವೇ ಇಲ್ಲಂದ್ರ, ನೆನಪು ಎಲ್ಲಿಂದ ಬಂತು?"

ಯಾರೋ, ವಯಸ್ಸಾತಲ್ಲ ಸಾಹೇಬ ಎಂದರು. ಅವನು ಹೌದೆಂದ. ಜನ್ನತಬಿ ಮಂಚದ ಕಾಲಿನ ಹತ್ತಿರ ನಿಂತಿದ್ದಳು.

ಹೇಳದೆಯೇ ಅವಳಿಗೆ ಹದಿನೈದು ದಿನ ಕಳೆದವು. ಅವನ ಜಾಗಕ್ಕೆ ಬಂದ ಹೊಸಬ ಗುಂಡಿಯನ್ನು ಆಗಾಗ ಎಡಕ್ಕೆ ತಿರುವುತ್ತಿದ್ದ. ಯಂತ್ರ ಕೇಳಿತೋ ಇಲ್ಲವೋ ಎಂದು ತಿಳಿಯುವಷ್ಟು ಕಿವಿ ಅವನಿಗಿನ್ನೂ ಇರಲಿಲ್ಲ. ಹದಿನಾರನೆಯ ದಿನ ಅವಳು ಬೇಗ ಬಂದು, ಆ ಎರಡು ಸಾಲು ತೆಗೆದು ಹೊಸ ಚಿಪ್ಪು ಬರೆದು ಲೇಥಿಗೆ ಕೂಡಿಸಿ, ಮಾಲಕರ ಕೋಣೆಗೆ ಹೋದಳು.

"ಗುಂಡಿ ಈಗ ಸೊನ್ನಿಗೆ ಬರತೈತ್ರಿ. ಮರ್ದಾನಸಾಬರಿಗೆ ಖರೆ ಹೇಳಾಕ ಹೊಂಟೀನಿ."

ಫಕ್ಕೀರಪ್ಪನವರು ಮೇಜಿನ ಮೇಲಿನ ಶಾಫ್ಟನ್ನು ಅತ್ತಿತ್ತ ಉರುಳಿಸಿದರು. "ಕೆಂಪು ಗುಂಡಿ ಇತ್ತಲ್ರಿ. ಒತ್ತಬಹುದಿತ್ತು."

"ಅವರು ಕರೀ ಗುಂಡಿ ನಂಬಿದ್ರು. ಅದನ್ನ ನಂಬ್ರಿ ಅಂತ ಕಲಿಸಿದಾಕಿ ನಾ."

"ಹೇಳಿದ್ರ ಆ ಕಣ್ಣು ಬರತೈತೇನು?"

"ಇಲ್ರಿ."

"ಹಂಗಾದ್ರ ನಾಳಿಂದ ಬರೂದು ಬ್ಯಾಡ ಅಕ್ಕಾರ," ಎಂದರು ಅವರು. ಸಿಟ್ಟಿನಿಂದಲ್ಲ, ದಣಿದವರಂತೆ.

ಸೊರಟೂರಿನಲ್ಲಿ ಬಸ್ಸಿಳಿದಾಗ ಹನ್ನೊಂದು ಗಂಟೆ. ಮನೆ ತೋರಿಸಿದವರು ಬಾಗಿಲವರೆಗೂ ಬಂದು ಹೋದರು. ಮರ್ದಾನಸಾಬನ ಹೆಂಡತಿ ಮೆಹಬೂಬಿ ಅಂಗಳದಲ್ಲಿ ಚಾಪೆ ಹಾಸಿ, "ಕುಂಡ್ರವಾ," ಎಂದಳು. ಅವನು ಕಟ್ಟೆಯ ಮೇಲಿದ್ದ. ಕಣ್ಣಿಗೆ ಹಸಿರು ಬಟ್ಟೆ, ಕೈಯಲ್ಲಿ ಒಂದು ತಗಡಿನ ಡಬ್ಬಿ.

"ದಿನಾ ಇದ ನೋಡ," ಎಂದಳು ಮೆಹಬೂಬಿ ತಗ್ಗಿದ ದನಿಯಲ್ಲಿ. "ಇರೂ ಒಂದು ಕಣ್ಣೂ ಮುಚ್ಚಿಕೊಂಡು ಮುಚ್ಚಳ ತಿರುವತಾರ. ಎಷ್ಟ ತಿರುವಿದೆ ಹೇಳು ಅಂತ ನನ್ನ ಕೇಳತಾರ. ನನಗೇನು ಗೊತ್ತು?"

ಜನ್ನತಬಿ ಹೇಳಿದಳು. ಎರಡು ಸಾಲಿನ ಸಂಗತಿ, ಎಂಬತ್ತು, ಎಂಟು ದಿನ, ಎಲ್ಲವನ್ನೂ ಹೇಳಿದಳು. ನಡುವೆ ಒಮ್ಮೆ ಮೆಹಬೂಬಿ ಎದ್ದು ನಿಂತವಳು ಮತ್ತೆ ಕುಳಿತಳು. ಮರ್ದಾನಸಾಬ ಕೊನೆಯವರೆಗೆ ಅಲುಗದೆ ಕೇಳಿದ.

"ಹಂಗಾದ್ರ ನಾ ತಿರುವಿದ್ದೆ," ಎಂದ.

"ತಿರುವಿದ್ರಿ ಚಾಚಾ."

"ಎಲ್ಲಿಗೆ ಇತ್ತು ಗುಂಡಿ?"

"ಹತ್ತಕ್ಕ. ನಾನ ನೋಡೀನಿ."

"ಹತ್ತಕ್ಕ," ಎಂದ ಅವನು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. ತನ್ನ ಬಲಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಒಂದೇ ಕಣ್ಣಿನಿಂದ ನೋಡಿದ. ಅವನ ಮುಖದಲ್ಲಿ ಅವಳು ಕಂಡದ್ದು ನೆಮ್ಮದಿ. ಅದಕ್ಕವಳು ಸಿದ್ಧಳಾಗಿ ಬಂದಿರಲಿಲ್ಲ. ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ.

"ಎಂಟು ದಿನ ನನ್ನ ಬಾಜೂಕ ಕುಂತಿದ್ದಿ," ಎಂದ. "ಊಟ ಆತೇನು ಅಂತ ಕೇಳಿದೆ ನಾ. ಆತು ಅಂದಿ."

ಅವನು ಕಟ್ಟೆಯಿಂದ ಕೆಳಗಿಳಿದ.

"ಬಂದು ಹೇಳಿದಿ, ಚಲೋ ಆತು. ಇನ್ನ ಬರಬ್ಯಾಡ."

ಅವನು ಗೋಡೆ ಹಿಡಿದುಕೊಂಡು ಒಳಗೆ ಹೋದ. ಹೊಸ್ತಿಲಿನ ಅಂದಾಜು ತಪ್ಪಿ ಕಾಲು ತುಸು ಎಡವಿತು. ಇಬ್ಬರು ಹೆಂಗಸರೂ ಏಳಹೋಗಿ ಸುಮ್ಮನಾದರು.

ಗದಗಿನ ಬಸ್ಸು ಎರಡೂವರೆಗೆ. ನಿಲ್ದಾಣವೆಂದರೆ ಬೇವಿನ ಮರ, ಅದರ ಕೆಳಗೊಂದು ಚಪ್ಪಡಿಕಲ್ಲು. ಜನ್ನತಬಿ ಅದರ ಮೇಲೆ ಕುಳಿತಳು. ಬಿಸಿಲಿಗೆ ರಸ್ತೆಯ ಮೇಲೆ ಒಂದು ನಾಯಿಯೂ ಇರಲಿಲ್ಲ. ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಬಂತು. ಬಂದು, ಉತ್ತರ ಕೇಳದೆ ಅವಳ ಪಕ್ಕದಲ್ಲೇ ಕುಳಿತಿತು. ಎರಡೂ ಬದಿಗೆ ಕುಯಿಲು ಮುಗಿದ ಎರೆ ಹೊಲಗಳು ಬಿರಿದು ಬಿದ್ದಿದ್ದವು.

ಓಣಿಯ ಕಡೆಯಿಂದ ಮೆಹಬೂಬಿ ಬರುತ್ತಿದ್ದಳು. ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಹತ್ತಿರ ಬಂದು, ಬಟ್ಟೆಯಲ್ಲಿ ಕಟ್ಟಿದ ಗಂಟೊಂದನ್ನು ಚಪ್ಪಡಿಯ ಮೇಲಿಟ್ಟಳು.

"ಉಣದ ಕಳಿಸಿದ್ರ ಚಂದ ಅಲ್ಲ," ಎಂದಳು, ಅವಳ ಮುಖ ನೋಡದೆ. "ಅರಿವಿ ತಿರುಗಿ ತರೂದು ಬ್ಯಾಡ."

ಬಂದ ದಾರಿಯಲ್ಲೇ ಹೋದಳು. ಜನ್ನತಬಿ ಗಂಟನ್ನು ಮಡಿಲಿಗೆ ತೆಗೆದುಕೊಂಡಳು. ಒಳಗಿನ ರೊಟ್ಟಿ ಈಗಷ್ಟೇ ಬೇಯಿಸಿದ್ದು, ಬಟ್ಟೆಯ ಮೂಲಕವೇ ಅಂಗೈಗೆ ಬಿಸಿ ತಾಗುತ್ತಿತ್ತು. ಅದು ಆರುವವರೆಗೂ ಅವಳು ಅದರ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು.