ಉಸ್ತಾದನ ಹಾಲಿಗೆ ಬಿದ್ದ ಪುಡಿ

ನಾನು ಗೇಣುದ್ದವೂ ಇಲ್ಲದ ಹಿತ್ತಾಳೆ ಕುಟ್ಟಾಣಿ. ಗದುಗಿನ ಕಡೆಯ ಕಂಚುಗಾರನೊಬ್ಬ ನನ್ನನ್ನು ಎರಕ ಹೊಯ್ದು, ಉಜ್ಜಿ, ಸಂತೆಯಲ್ಲಿ ಮಾರಿದ. ಕೊಂಡವಳು ತಂಗೆವ್ವ. ಹಲ್ಲುದುರಿದ ಆ ಮುದುಕಿಗೆ ಹದಿನೈದು ವರ್ಷ ಎಲೆ ಅಡಿಕೆ ಕುಟ್ಟಿಕೊಟ್ಟೆ. ಮರ್ಯಾದೆಯ ಕೆಲಸ ಅದು.

ಅವಳು ತೀರಿದ ಮೇಲೆ ಸೊಸೆ ನೀಲವ್ವನ ಪಾಲಾದೆ. ನೀಲವ್ವನ ಗಂಡ ಭರಮಪ್ಪ ಉಸ್ತಾದ, ಗರಡಿಮನೆಯಲ್ಲಿ ಕುಸ್ತಿ ಕಲಿಸುವವನು. ಬಿಪಿ ಏರಿದೆಯೆಂದು ಊರ ಡಾಕ್ಟರು ಗುಳಿಗೆ ಬರೆದುಕೊಟ್ಟರೆ ಚೀಟಿ ಹರಿದೊಗೆದ. ಗುಳಿಗೆ ನುಂಗುವವನು ಪೈಲ್ವಾನನೇ ಅಲ್ಲವಂತೆ! ಜಂಬಕ್ಕೇನೂ ಕಡಿಮೆಯಿರಲಿಲ್ಲ. ನೀಲವ್ವ ಗುಟ್ಟಾಗಿ ಇನ್ನೊಂದು ಚೀಟಿ ಬರೆಸಿಕೊಂಡಳು. ದಿನಾ ಸಂಜೆ ಒಂದು ಗುಳಿಗೆಯನ್ನು ನನ್ನೊಳಗೆ ಪುಡಿಮಾಡಿ, ಗರಡಿಯಿಂದ ಬಂದವನ ಬದಾಮಿ ಹಾಲಿಗೆ ಬೆರೆಸುತ್ತಿದ್ದಳು. ಆರು ವರ್ಷ ಅವನಿಗೆ ಗೊತ್ತೇ ಆಗಲಿಲ್ಲ. ನನಗೂ ಅದು ಪುಣ್ಯದ ಕೆಲಸವೆಂದೇ ಅನ್ನಿಸಿತ್ತು.

ಆಮೇಲೆ ಅವನ ಹೃದಯದ ರಕ್ತನಾಳಗಳು ಕಟ್ಟಿಕೊಂಡವು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಎಂದಾಯಿತು. ಹಿಂದಿನ ದಿನ ನರ್ಸಮ್ಮ ಯಾವ ಯಾವ ಗುಳಿಗೆ ತಗೊಳ್ಳುತ್ತೀರಿ ಎಂದು ಕೇಳಿದಳು. ಜನ್ಮದಲ್ಲೇ ಮುಟ್ಟಿಲ್ಲ ಎಂದ ಉಸ್ತಾದ. ಪಕ್ಕದಲ್ಲಿದ್ದ ನೀಲವ್ವ ತುಟಿ ಪಿಟಕ್ಕೆನ್ನಲಿಲ್ಲ. ಗಂಡನೆದುರು ಹೇಗೆ ಹೇಳಿಯಾಳು? ನಾನು ಅವಳ ಚೀಲದೊಳಗೇ ಇದ್ದೆ. ಅಂದು ಸಂಜೆ, ಕೊಯ್ಯುವಾಗ ಬಿಪಿ ಏರಿಬಿಟ್ಟೀತೆಂದು ಹೆದರಿ, ಒಂದರ ಬದಲು ಎರಡು ಕುಟ್ಟಿದಳು.

ಮರುದಿನ ಆಪರೇಷನ್ ನಡೆಯುತ್ತಿದ್ದಾಗಲೇ ಡಾಕ್ಟರು ಹೊರಗೆ ಓಡಿಬಂದರು.

"ಬಿಪಿ ಬಿದ್ದದ್ದು ಏಳವಲ್ದು ನೋಡ್ರಿ. ಏನರೆ ಗುಳಿಗಿ ಕೊಟ್ಟೀರೇನು? ಖರೇ ಹೇಳ್ರಿ."

ನೀಲವ್ವ ನನ್ನನ್ನು ತೆಗೆದು ಅವರ ಕೈಗಿಟ್ಟಳು. ನನ್ನ ತಳದಲ್ಲಿ ಬಿಳಿ ಪುಡಿ ಇನ್ನೂ ಅಂಟಿತ್ತು.

"ಹಾಲಿನ್ಯಾಗ ಹಾಕಿದ್ನಿರೀ. ನಿನ್ನಿ ಎರಡು."

ಇಂಥ ಗುಳಿಗೆಯನ್ನು ಆಪರೇಷನ್ನಿಗೆ ಮೊದಲು ನಿಲ್ಲಿಸಬೇಕಿತ್ತು, ಗೊತ್ತಿದ್ದರೆ ತಾವೇ ಹೇಳುತ್ತಿದ್ದೆವು ಎನ್ನುತ್ತಲೇ ಡಾಕ್ಟರು ನನ್ನನ್ನು ಅವಳಿಗೇ ಮರಳಿಸಿ ಒಳಗೆ ಧಾವಿಸಿದರು. ಅಯ್ಯೋ, ಕುಟ್ಟಿದ್ದು ನಾನಲ್ಲವೇ!

ಭರಮಪ್ಪ ಬದುಕಿದ. ಮೂತ್ರಪಿಂಡ ಸೋತು ಎರಡು ಸಲ ಡಯಾಲಿಸಿಸ್ ಆಯಿತು, ಹನ್ನೆರಡು ದಿನ ಐಸಿಯುವಿನಲ್ಲಿ ಮಲಗಿದ್ದ. ಎಚ್ಚರವಾದ ಮೇಲೆ ನೀಲವ್ವ ತಾನೇ ಎಲ್ಲ ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ನಾನು ಗೋಡೆಗೂಡಿನ ಮೂಲೆಯಲ್ಲಿ ಕಿಲುಬು ಹಿಡಿದು ಕೂತಿದ್ದೇನೆ. ಗುಳಿಗೆಯನ್ನು ಉಸ್ತಾದ ತಾನೇ ನೀರು ಕುಡಿದು ನುಂಗುತ್ತಾನೆ. ನನಗೆ ಕೆಲಸವಿಲ್ಲ, ಇರಲಿ. ಹೊಟ್ಟೆ ಉರಿಯುವುದು ಅದಕ್ಕಲ್ಲ. ಸಂಜೆ ನೀಲವ್ವ ಹಾಲು ತಂದಿಟ್ಟರೆ, ನಲವತ್ತು ವರ್ಷ ಅವಳ ಕೈಯಿಂದ ಉಂಡವನು ಲೋಟವನ್ನು ಅವಳ ಕಡೆಗೇ ಸರಿಸುತ್ತಾನೆ.

"ಮದ್ಲ ನೀ ಒಂದ್ ಗುಟುಕ ಕುಡಿ."

ಅವಳು ಕುಡಿದು ಕೊಡುತ್ತಾಳೆ.